ಎಲೆಕೋಸಿನ ಗುಡುಗು

ಎದುರುಮನೆಯ ನಿವೃತ್ತ ಡ್ರಿಲ್ ಮಾಸ್ತರು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಾಂಪೌಂಡ್ ಗೋಡೆ ಹಾರದೇ ಇದ್ದಿದ್ದರೆ, ಹವಾಮಾನಪ್ಪನವರಿಗೆ ಆ ದಿನ ಬೆಳಿಗ್ಗೆ ಬಿಸಿ ತಿಂಡಿ ಸಿಗುತ್ತಿತ್ತು.

ಗಾಳಿಗೆ ಹಾರಿಹೋದ ಟವಲ್ಲು ತರಲು ಮಾಸ್ತರು ಒಂದೇ ನೆಗೆತಕ್ಕೆ ಗೋಡೆ ದಾಟಿದ್ದನ್ನು ಹವಾಮಾನಪ್ಪನವರ ಹೆಂಡತಿ ಹಿಂದಿನ ದಿನ ಅಡುಗೆಮನೆಯ ಕಿಟಕಿಯಿಂದ ನೋಡಿಬಿಟ್ಟಿದ್ದರು. ಅದೇ ಹೊತ್ತಿಗೆ ನಲವತ್ತಾರು ವರ್ಷದ ಗಂಡ ಬೂಟಿನ ಲೇಸು ಕಟ್ಟಲು ಬಗ್ಗಿದವರು ಮೇಲೇಳಲಾಗದೆ ಮಗಳನ್ನು ಕೂಗುತ್ತಿದ್ದರು.

"ನೀವು ಏನು ತಿಂತೀರಿ ಮಾಸ್ತರೇ?" ಎಂದು ಆಕೆ ಕಿಟಕಿಯಿಂದಲೇ ಕೇಳಿದರು.

"ಅರ್ಧ ಊಟ ಹಸಿಯಾಗೇ ತಿನ್ನೋದಮ್ಮ. ಒಲೆಗೆ ತೋರಿಸೋದೇ ಇಲ್ಲ!" ಎಂದರು ಮಾಸ್ತರು, ಟವಲ್ಲು ಕೊಡವುತ್ತಾ.

ಅಲ್ಲಿಗೆ ತೀರ್ಮಾನವಾಗಿಹೋಯಿತು.

ಹವಾಮಾನಪ್ಪ ಎಂಬುದು ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಊರಿನ ಬಾನುಲಿ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಪ್ರತಿ ಸಂಜೆ ಐದೂವರೆಗೆ ಹವಾಮಾನ ವರದಿ ಓದಿದ್ದಕ್ಕೆ ಬೀದಿಯವರು ಕೊಟ್ಟ ಬಹುಮಾನ. ಅವರ ಆಸೆಯಿದ್ದದ್ದು ಮಾತ್ರ ಏಳು ಗಂಟೆಯ ಮುಖ್ಯ ವಾರ್ತೆಯ ಮೇಲೆ. ಅದನ್ನು ಓದುತ್ತಿದ್ದವರು ಹೋದ ವಾರವಷ್ಟೇ ನಿವೃತ್ತರಾಗಿದ್ದರು. "ನಾಳೆ ನಿಮ್ಮ ವರದಿ ಕೂತು ಕೇಳ್ತೀನಿ. ಸರಿಯೆನಿಸಿದರೆ ವಾರ್ತೆ ನಿಮಗೇ" ಎಂದು ನಿರ್ದೇಶಕರು ಹೇಳಿದ್ದರು. ಆ ನಾಳೆ ಇವತ್ತಾಗಿ ಬಂದಿತ್ತು.

ತಿಂಡಿಗೆ ಕೂತಾಗ ತಟ್ಟೆಯ ಅರ್ಧದಲ್ಲಿ ಒಂದು ತುಂಡು ಬ್ರೆಡ್ಡು ಇತ್ತು. ಉಳಿದರ್ಧದಲ್ಲಿ ಸೌತೆಕಾಯಿ, ತುರಿದ ಕ್ಯಾರೆಟ್, ಮೊಳಕೆ ಕಾಳು. ಹವಾಮಾನಪ್ಪನವರು ಕಳೆದುಹೋದ ಕನ್ನಡಕ ಹುಡುಕುವವರಂತೆ ಕ್ಯಾರೆಟ್ಟನ್ನು ಬೆರಳಿನಿಂದ ಸರಿಸಿ ಅಡಿಯಲ್ಲಿ ನೋಡಿದರು.

"ಕೆಳಗೇನೂ ಇಲ್ಲ ರೀ. ಇನ್ಮೇಲೆ ನಮ್ಮನೇಲಿ ಊಟ ಅರ್ಧ ಬೇಯ್ಸಿದ್ದು, ಅರ್ಧ ಹಸಿ. ಅತ್ತೆನೇ ಒಪ್ಪಿದ್ದಾರೆ" ಎಂದರು ಹೆಂಡತಿ.

ನಾಲ್ಕೇ ಹಲ್ಲು ಉಳಿದಿದ್ದ ಅಮ್ಮ ತುರಿದ ಕ್ಯಾರೆಟ್ಟನ್ನು ಖುಷಿಯಿಂದ ಚಪ್ಪರಿಸುತ್ತಿದ್ದರು. "ಚೆನ್ನಾಗಿದೆ ಕಣೋ. ಮೆತ್ತಗಿದೆ. ಸುಮ್ನೆ ತಿನ್ನು."

"ಅಪ್ಪಾ, ಹಸಿ ತಿಂದ್ರೆ ಹಸಿವಾಗುತ್ತಾ, ಹೋಗುತ್ತಾ?" ಎಂದಳು ಮಗಳು.

"ಸಂಜೆ ಹೇಳ್ತೀನಿ" ಎಂದು ಹವಾಮಾನಪ್ಪನವರು ಎದ್ದರು.

ಹೊರಡುವಾಗ ಹೆಂಡತಿ ದೊಡ್ಡ ಡಬ್ಬಿಯೊಂದನ್ನು ಕೈಗಿತ್ತರು. "ಎಲೆಕೋಸು, ಮೂಲಂಗಿ, ಎರಡು ಬ್ರೆಡ್ಡು. ಇದು ಎರಡು ಹೊತ್ತಿಗೆ. ಮಧ್ಯಾಹ್ನ ಸ್ವಲ್ಪ, ವರದಿ ಓದಿದ ಮೇಲೆ ಸ್ವಲ್ಪ. ಒಂದೇ ಸಲ ತಿನ್ಬೇಡಿ, ಹೊಸಬರಿಗೆ ಹೊಟ್ಟೆ ತಡೆಯಲ್ಲ."

ಹವಾಮಾನಪ್ಪನವರು ಭಕ್ತಿಯಿಂದ ತಲೆಯಾಡಿಸಿದರು. ಮನಸ್ಸು ಆಗಲೇ ಕ್ಯಾಂಟೀನಿನ ಬಾಗಿಲಲ್ಲಿತ್ತು. ಆದರೆ ಗೇಟಿನ ಹತ್ತಿರ ಡ್ರಿಲ್ ಮಾಸ್ತರು ಕಾದಿದ್ದರು. "ಬಸ್ಸು ಯಾಕ್ರೀ? ಬನ್ನಿ, ನಡೆಯೋಣ. ಎಡ, ಬಲ, ಎಡ!" ಎಂದು ಮೂರು ಮೈಲಿ ಕವಾಯತು ಮಾಡಿಸಿಯೇ ಕೇಂದ್ರಕ್ಕೆ ತಲುಪಿಸಿದರು. ತಿಂದಿದ್ದ ಬ್ರೆಡ್ಡು ಮೊದಲ ಮೈಲಿಗೇ ಕರಗಿಹೋಯಿತು.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿತ್ತು. ಕ್ಯಾಂಟೀನಿನಿಂದ ಹುರಿದ ಆಲೂಗಡ್ಡೆಯ ಘಮ ಬಂದು ಮೂಗನ್ನು ಹಿಡಿದು ಎಳೆಯಿತು. ಹವಾಮಾನಪ್ಪನವರು ಓಡೋಡಿ ಹೋದರು.

"ನಿಮಗಿಲ್ಲ ಸಾರ್" ಎಂದ ಕ್ಯಾಂಟೀನಿನವನು.

"ಯಾಕೆ? ಅಲ್ಲಿ ಬಾಣಲೆ ತುಂಬಾ ಇದೆಯಲ್ಲಪ್ಪ!"

"ಅಕ್ಕಾವ್ರು ಫೋನ್ ಮಾಡಿದ್ರು. ಕೊಟ್ರೆ ನನ್ನನ್ನೇ ಬಾಣಲೆಗೆ ಹಾಕ್ತಾರಂತೆ."

ಬೇರೆ ದಾರಿಯಿರಲಿಲ್ಲ. ಡಬ್ಬಿ ತೆರೆದರು. ಸಹೋದ್ಯೋಗಿಗಳು ಸುತ್ತ ನೆರೆದರು. ಗುಮಾಸ್ತರೊಬ್ಬರು ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಬೇಕೆಂದು ಹೇಳಿ ಪಕ್ಕದಲ್ಲೇ ಕೂತು ಎಣಿಸತೊಡಗಿದರು. ಟೈಪಿಸ್ಟಮ್ಮ ಅಗಿಯುವಾಗ ಮಾತಾಡಬಾರದೆಂದರು. ಧ್ವನಿಯಂತ್ರ ನೋಡಿಕೊಳ್ಳುವ ಇಂಜಿನಿಯರಮ್ಮ ಮಾತ್ರ ಗಡಿಯಾರ ನೋಡಿ, "ಸಾರ್, ಐದೂವರೆಗೆ ಓದೋದಿದೆ. ಅಷ್ಟೊಂದು ಎಲೆಕೋಸು ಬೇಡ" ಎಂದರು. ಕೇಳುವ ಸ್ಥಿತಿಯಲ್ಲಿ ಹವಾಮಾನಪ್ಪನವರಿರಲಿಲ್ಲ. ಎರಡು ಹೊತ್ತಿನ ಡಬ್ಬಿ ಒಂದೇ ಹೊತ್ತಿಗೆ ತಳ ಕಂಡಿತು.

ನಾಲ್ಕು ಗಂಟೆಗೆ ಹೊಟ್ಟೆಯೊಳಗೆ ಯಾರೋ ಮೇಜು ಕುರ್ಚಿ ಸರಿಸಿದಂತಾಯಿತು. ಐದಕ್ಕೆ ಬೀರುವನ್ನೂ ಎಳೆಯತೊಡಗಿದರು. ಹವಾಮಾನಪ್ಪನವರು ನೀರು ಕುಡಿದರು, ಉಸಿರು ಬಿಗಿಹಿಡಿದರು, ಬೆಲ್ಟು ಸಡಿಲಿಸಿದರು, ಮತ್ತೆ ಬಿಗಿದರು. ಐದೂವರೆಗೆ ಕೆಂಪು ದೀಪ ಹತ್ತಿತು. ಗಾಜಿನಾಚೆ ನಿರ್ದೇಶಕರು ಕೈಕಟ್ಟಿ ಕೂತಿದ್ದರು.

"ಇಂದಿನ ಹವಾಮಾನ ವರದಿ" ಎಂದು ಹವಾಮಾನಪ್ಪನವರು ಜೇನಿನಂಥ ದನಿಯಲ್ಲಿ ಆರಂಭಿಸಿದರು. "ಆಕಾಶ ಶುಭ್ರವಾಗಿರುತ್ತದೆ. ಇಂದು ಮಳೆಯ ಸಾಧ್ಯತೆ ಇಲ್ಲ."

ಗುಡು ಗುಡು ಗುಡು ಗುಡು ಢಂ!

ಮೈಕು ಒಳ್ಳೆಯ ಮೈಕು. ಸೊಳ್ಳೆ ಹಾರಿದರೂ ಹಿಡಿಯುವಂಥದ್ದು. ಇಂಜಿನಿಯರಮ್ಮ ಕಿವಿಯ ಹೆಡ್‌ಫೋನು ಕಿತ್ತೆಸೆದರು.

"ಗಾಳಿ ಮಂದವಾಗಿ ಬೀಸಲಿದ್ದು..."

ಗುಡು ಗುಡು ಗುಡು... ಪಟಾರ್!

ಹೇಗೋ ಓದಿ ಮುಗಿಸುವಷ್ಟರಲ್ಲಿ ಕೇಂದ್ರದ ಫೋನುಗಳೆಲ್ಲ ಒಟ್ಟಿಗೆ ಕಿರುಚುತ್ತಿದ್ದವು. "ಬಾಯಲ್ಲಿ ಮಳೆಯಿಲ್ಲ ಅಂತೀರಿ, ಹಿಂದಿನಿಂದ ಗುಡುಗು ಕೇಳಿಸ್ತೀರಿ. ಯಾವುದನ್ನ ನಂಬೋಣ?" ಎಂದು ಊರಿಗೆ ಊರೇ ಕೇಳುತ್ತಿತ್ತು.

ನಿರ್ದೇಶಕರು ಕೋಣೆಗೆ ಕರೆಸಿದರು. "ಏನ್ರೀ ಅದು ಶಬ್ದ?"

ಸುಳ್ಳು ಹೇಳಲು ಹೊಟ್ಟೆ ಬಿಡುವಂತಿರಲಿಲ್ಲ. "ಎಲೆಕೋಸು ಸಾರ್" ಎಂದು ಹವಾಮಾನಪ್ಪನವರು ತಲೆ ತಗ್ಗಿಸಿದರು. "ಹಸಿಯಾಗಿ. ಮೂಲಂಗಿನೂ ಇತ್ತು."

"ಹನ್ನೊಂದು ವರ್ಷದ ಅನುಭವ ಇರೋರು! ನಿಮಗೆ ಮುಖ್ಯ ವಾರ್ತೆ ಬೇರೆ ಬೇಕಾ?" ಎಂದು ನಿರ್ದೇಶಕರು ಸಿಟ್ಟಿನಿಂದ ಮೆಮೋ ಬರೆಯಲು ಪೆನ್ನಿನ ಮುಚ್ಚಳ ತೆಗೆದರು.

ಆಗಲೇ ಕಿಟಕಿಯ ಗಾಜು ನಡುಗುವಂತೆ ದೊಡ್ಡ ಸದ್ದಾಯಿತು.

ಹವಾಮಾನಪ್ಪನವರು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡರು. "ಇದು ನಂದಲ್ಲ ಸಾರ್! ಆಣೆಯಾಗಿಯೂ ನಂದಲ್ಲ!"

ಅದು ಆಕಾಶದ್ದೇ ಆಗಿತ್ತು. ಮರುಕ್ಷಣ ಮಳೆ ಕೊಡಗಟ್ಟಲೆ ಸುರಿಯಿತು. ಅರ್ಧ ಗಂಟೆ ಬಿಟ್ಟು ಫೋನುಗಳು ಮತ್ತೆ ಬಡಿದುಕೊಂಡವು. ಇಟ್ಟಿಗೆ ಗೂಡಿನ ಯಜಮಾನರು, "ನಿಮ್ಮ ಗುಡುಗು ಕೇಳಿ ಹಸಿ ಇಟ್ಟಿಗೆಯೆಲ್ಲ ಮುಚ್ಚಿಸಿದೆ, ಬದುಕಿಕೊಂಡೆ" ಎಂದರು. ಶಾಲೆಯ ಹೆಡ್‌ಮಿಸ್ಸು ಆಟದ ಬಯಲಿನಿಂದ ಮಕ್ಕಳನ್ನು ಮೊದಲೇ ಒಳಗೆ ಕರೆದುಕೊಂಡಿದ್ದರಂತೆ. ಇಸ್ತ್ರಿಯವನ ಇನ್ನೂರು ಬಟ್ಟೆ ಒಣಗಿದಂತೆಯೇ ಉಳಿದಿದ್ದವು. "ಮಾತಲ್ಲಿ ಹೇಳದೇ ಇದ್ರೂ ಸೂಚನೆ ಕೊಟ್ರಲ್ಲ, ಎಂಥ ಹೊಸ ಪದ್ಧತಿ!" ಎಂದು ಎಲ್ಲರದೂ ಒಂದೇ ಹೊಗಳಿಕೆ.

ನಿರ್ದೇಶಕರ ಮುಖ ನೋಡನೋಡುತ್ತಿದ್ದಂತೆ ಅರಳಿತು. ಮೆಮೋ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದರು. ಎದ್ದು ಬಂದು ಹವಾಮಾನಪ್ಪನವರ ಹೆಗಲ ಮೇಲೆ ಕೈಯಿಟ್ಟರು. ಹವಾಮಾನಪ್ಪನವರಿಗೆ ಕಣ್ಣು ತುಂಬಿ ಬಂತು.

"ಹಾಗಾದ್ರೆ ಏಳು ಗಂಟೆ ವಾರ್ತೆ ನಂಗೇನಾ ಸಾರ್?"

"ಛೆ ಛೆ! ವಾರ್ತೆ ಯಾರು ಬೇಕಾದ್ರೂ ಓದ್ತಾರೆ. ಗುಮಾಸ್ತರಿಗೆ ಕೊಟ್ಟಾಯ್ತು. ನಿಮ್ಮಂಥೋರನ್ನ ಹವಾಮಾನದಿಂದ ಕದಲಿಸೋಕಾಗುತ್ತಾ? ನಿವೃತ್ತಿಯಾಗೋವರೆಗೂ ನೀವಲ್ಲೇ. ನಿಮ್ಮ ಮನೆಯವ್ರೂ ಈಗಷ್ಟೇ ಫೋನ್ ಮಾಡಿದ್ರು, ಮಾತಾಡಿದ್ದೀನಿ. ಮಳೆಗಾಲ ಮುಗಿಯೋವರೆಗೂ ದಿನಾ ಒಂದು ಇಡೀ ಎಲೆಕೋಸು ಕಳಿಸ್ತಾರಂತೆ."

ಹವಾಮಾನಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಹೊಟ್ಟೆಯೇ ಏನೋ ಉತ್ತರ ಕೊಟ್ಟಿತು.

ಅದನ್ನು ಮೆಚ್ಚುಗೆಯಿಂದ ಕೇಳಿಸಿಕೊಂಡ ನಿರ್ದೇಶಕರು ಬಾಗಿಲವರೆಗೂ ಬಂದು ಬೀಳ್ಕೊಟ್ಟು, ದನಿ ತಗ್ಗಿಸಿ ಹೇಳಿದರು: "ಇನ್ನೊಂದು ವಿಷಯ. ನಾಡಿದ್ದು ಬಿರುಗಾಳಿ ಬೀಸಬಹುದಂತೆ. ಅದಕ್ಕೆ ಏನು ತಿನ್ನಬೇಕು, ಮನೇಲಿ ಕೇಳ್ಕೊಂಡು ಬನ್ನಿ."