ಅಚ್ಯುತಮಾವನ ಹರಳುಯಂತ್ರ

"ಯಾರೂ ಕಣ್ಣು ಮಿಟುಕಿಸಬೇಡಿ!" ಅಚ್ಯುತಮಾವ ಬೀಗರಾಗಬೇಕಾದವರ ಪಂಕ್ತಿಯ ಮುಂದೆ ಯಂತ್ರ ತಂದಿಟ್ಟ. "ಇದರ ಹೊಟ್ಟೆಯಲ್ಲಿರೋದು ನಮ್ಮ ಶರ್ವಾಣಿ ಲ್ಯಾಬಿನಲ್ಲಿ ಬೆಳೆಸಿದ ಹರಳು!"

ಅಡುಗೆಮನೆಯ ಹೊಸ್ತಿಲಲ್ಲಿ ಸಾರಿನ ಪಾತ್ರೆ ಹಿಡಿದಿದ್ದ ಶರ್ವಾಣಿ ಅದನ್ನು ಅಲ್ಲೇ ಇಳಿಸಿಬಿಟ್ಟಳು. ಆ ಹರಳಿನ ಒಳರಚನೆ ಅಳೆಯುವುದೇ ಅವಳ ಸಂಶೋಧನೆ. ಒಳಗಿನ ಕೋಟಿಗಟ್ಟಲೆ ಕಣಗಳು ಕರೆಂಟು ಕೊಟ್ಟರೆ ಒಂದೇ ದಿಕ್ಕಿಗೆ ತಿರುಗುತ್ತವೆ, ಕರೆಂಟು ತೆಗೆದರೂ ಹಟಮಾರಿ ಮಕ್ಕಳಂತೆ ಹಾಗೇ ನಿಲ್ಲುತ್ತವೆ.

"ಮಾವ, ಇವತ್ತು ಬೇಡ!"

"ಸುಮ್ಮನಿರೇ! ಚಮಚ, ಲೋಟ ಎಲ್ಲಾ ಸಾಲಾಗಿ ತಿರುಗೋದನ್ನು ಅವರೂ ನೋಡಲಿ!"

ಹೆಣ್ಣು ನೋಡಲು ಬಂದಿದ್ದ ಸುಧನ್ವ ಅವಳಿಗೆ ಬಹಳ ಇಷ್ಟವಾಗಿದ್ದ. ಆದರೆ ಒಪ್ಪಿಗೆ ಅವನ ಅಜ್ಜಿ ಶೇಷಮ್ಮನವರದು. ಊಟ ಮುಗಿದ ಮೇಲೆ ಹೇಳುತ್ತೇನೆಂದು ಅವರು ಎಲೆಯ ಮುಂದೆ ಕೂತಿದ್ದರು, ಪೂರ್ವಕ್ಕೆ ಮುಖ ಮಾಡಿ, ಶಾಸ್ತ್ರೋಕ್ತವಾಗಿ.

ಮಾವ ಗುಂಡಿ ಒತ್ತಿದ. ಚಮಚಗಳು ತಿರುಗಿದವು. ಲೋಟಗಳು ತಿರುಗಿದವು. ಆಮೇಲೆ ಗಿರ್ರೆಂದು ಬೀಗರೂ ತಿರುಗಿದರು! ಒಬ್ಬರ ಬೆನ್ನಿಗೆ ಇನ್ನೊಬ್ಬರ ಮೂಗು, ಬಸ್ಸಿನ ಸೀಟುಗಳ ಹಾಗೆ.

"ಅಯ್ಯೋ, ಇದು ದಕ್ಷಿಣ!" ಶೇಷಮ್ಮ ಕಿರುಚಿದರು. "ಯಮನ ದಿಕ್ಕಿಗೆ ಕೂರಿಸಿ ಉಣ್ಣಿಸುತ್ತೀರಾ? ಏಳೋ ಸುಧನ್ವ, ಹೋಗೋಣ!"

ಎದ್ದರು. ಬಾಗಿಲು ಉತ್ತರಕ್ಕೆ, ಮುಖ ದಕ್ಷಿಣಕ್ಕೆ! ಹಿಂದುಹಿಂದಕ್ಕೇ ಹೋಗಿ ಕಂಬಕ್ಕೆ ಢೀ ಹೊಡೆದರು.

ಮಾವ ಯಂತ್ರ ನಿಲ್ಲಿಸಿದ. ಯಾರೂ ಅಲುಗಲಿಲ್ಲ. ಗಾಬರಿಯಲ್ಲಿ ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಒತ್ತಿದ. ಎಲ್ಲರೂ ಸರ್ರನೆ ಉತ್ತರಕ್ಕೆ! ತಿರುಗಿದ ರಭಸಕ್ಕೆ ಶೇಷಮ್ಮ ಸುಧನ್ವನ ಎಲೆಯ ಮುಂದೆ ಕುಸಿದು ಕೂತರು.

"ಈಗ ಸರಿಹೋಯ್ತಲ್ಲ, ಅಮ್ಮ?"

"ಸರಿಯೇ? ನನ್ನ ಎಲೆ ಎಲ್ಲಿ? ಇದು ಸುಧನ್ವನ ಎಲೆ!"

ಶರ್ವಾಣಿ ಓಡಿಬಂದು ಯಂತ್ರದ ಮುಚ್ಚಳ ಕಿತ್ತು ಹರಳನ್ನು ಮುಷ್ಟಿಯಲ್ಲಿ ಹಿಡಿದಳು. ಆಗಲೇ ಹೊಳೆಯಿತು: ಯಂತ್ರದ ಹಿಂದಿದ್ದ ಮಾವನನ್ನು ಬಿಟ್ಟರೆ, ಒಲೆಯ ಮುಂದೆ ಬೆವೆತಿದ್ದ ತನಗೊಬ್ಬಳಿಗೇ ಏನೂ ಆಗಿಲ್ಲ! ಹರಳೂ ಹಾಗೇ. ಮಿತಿ ಮೀರಿ ಬಿಸಿಯಾದರೆ ದಿಕ್ಕು ಮರೆಯುತ್ತದೆ.

"ಎಲ್ಲರೂ ಸಾರು ಕುಡಿಯಿರಿ! ಮೆಣಸಿನ ಸಾರು, ಕುದಿಯುತ್ತಿರುವಾಗಲೇ ಇಳಿಸಿದ್ದು!"

ಕುಡಿದರು. ಕಿವಿಯಲ್ಲಿ ಹೊಗೆ ಬಂತು, ಮೂಗು ಸುರಿಯಿತು. ಟಪ್ ಟಪ್ಪೆಂದು ಒಬ್ಬೊಬ್ಬರೇ ಬಿಡುಗಡೆಯಾದರು. ಶೇಷಮ್ಮ ಕತ್ತು ಆಚೆ ಈಚೆ ಆಡಿಸಿ ನೋಡಿಕೊಂಡು, ಪೂರ್ವಕ್ಕೆ ಕೂತು, "ನಿಮ್ಮ ಸಂಬಂಧವೇ ಬೇಡ" ಎನ್ನಲು ಬಾಯಿ ತೆರೆದರು.

ಅಷ್ಟರಲ್ಲಿ ಮಾವ, ಉರಿ ಇಳಿಯಲಿ ಪಾಪ ಎಂದು, ಎಲ್ಲರಿಗೂ ತಣ್ಣನೆಯ ಮೊಸರನ್ನ ಬಡಿಸಿಬಿಟ್ಟ.

ಬೀಗರು ತಣ್ಣಗಾದರು. ತಣ್ಣಗಾಗುವ ಕಣಗಳು ಹತ್ತಿರದ ಸೆಳೆತಕ್ಕೆ ಒಲಿಯುತ್ತವೆ. ಇಡೀ ಪಂಕ್ತಿ ಮೆಲ್ಲನೆ ಶರ್ವಾಣಿಯ ಮುಷ್ಟಿಯ ಕಡೆ ತಿರುಗಿತು.

ಶೇಷಮ್ಮ ಅವಳನ್ನು ಎವೆಯಿಕ್ಕದೆ ನೋಡಿದರು. ನೋಡುತ್ತಲೇ ಇದ್ದರು.

"ಅದೇನೋ ಕಣೋ ಸುಧನ್ವ," ಎಂದರು ಕೊನೆಗೆ, "ಈ ಹುಡುಗಿಯ ಮೇಲಿಂದ ಕಣ್ಣು ತೆಗೆಯಲಿಕ್ಕೇ ಆಗುತ್ತಿಲ್ಲ. ಲಕ್ಷಣವಾಗಿದ್ದಾಳೆ. ಒಪ್ಪಿಬಿಡೋಣ."

"ನಾನಂತೂ ಸಾರಿಗೆ ಮೊದಲೇ ಒಪ್ಪಿದ್ದೆ, ಅಜ್ಜಿ!"

"ಹರಳೆಲ್ಲೇ?" ಮಾವ ಪಿಸುಗುಟ್ಟಿದ.

"ಯಾವ ಹರಳು ಮಾವ?" ಎಂದು ಶರ್ವಾಣಿ ಸೆರಗಿನ ತುದಿಗೆ ಬಿಗಿಯಾಗಿ ಗಂಟು ಹಾಕಿಕೊಂಡು, ಕೈ ತೊಳೆಯಲು ಹಿತ್ತಿಲಿಗೆ ಹೋದಳು.

ಒಳಗೆ ಬೀಗರೆಲ್ಲ ಹಿತ್ತಿಲ ಗೋಡೆಯ ಕಡೆ ತಿರುಗಿ, ಗೋಡೆಯನ್ನೇ ಪ್ರೀತಿಯಿಂದ ನೋಡುತ್ತಾ, ಮೊಸರನ್ನ ಮುಂದುವರಿಸಿದರು.