ಅಮೆರಿಕದ ಡಬ್ಬಿ, ಜಪಾನಿನ ಹಲಗೆ

ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವವನನ್ನು ಜನ ನೆಮ್ಮದಿಯಾಗಿರಲು ಬಿಡುವುದಿಲ್ಲ. ಅವನ ಕೈಗೊಂದು ಹೊಸ ಯಂತ್ರ ಬಂದರಂತೂ ಕೇಳುವುದೇ ಬೇಡ. ಎರಡು ಸಾವಿರದ ಇಸವಿಯ ನಂತರದ ವರ್ಷಗಳಲ್ಲಿ ನಾನು ಚಾಮರಾಜನಗರದ ಒಂದು ಮದುವೆ ಆರ್ಕೆಸ್ಟ್ರಾದಲ್ಲಿದ್ದೆ. ಆಗ ಅಮೆರಿಕದ ಕಂಪನಿಯೊಂದರ ಆಂಪ್ ಮಾಡೆಲರ್ ತರಿಸಿದೆ. ಗಿಟಾರಿಗೊಬ್ಬ ಮಿಮಿಕ್ರಿ ಕಲಾವಿದ ಅಂದುಕೊಳ್ಳಿ: ಟಿಫಿನ್ ಡಬ್ಬಿಯಷ್ಟಿದ್ದುಕೊಂಡು, ಹೆಸರಾಂತ ಹಳೇ ಆಂಪ್ಲಿಫೈಯರುಗಳ ದನಿಯನ್ನೆಲ್ಲ ತದ್ರೂಪವಾಗಿ ತೆಗೆಯುತ್ತಿತ್ತು.

೧. ಒಳಗಿರುವವು

ಚಂದಕವಾಡಿಯಲ್ಲಿ ಮದುವೆ. ಹೆಣ್ಣಿನ ತಂದೆ ಜಮೀನುಳ್ಳ ಯಜಮಾನರು, ಹಣೆ ತುಂಬ ವಿಭೂತಿ. ವೇದಿಕೆ ನೋಡಿದವರೇ ಹುಬ್ಬು ಗಂಟಿಕ್ಕಿದರು.

"ಓದ್ಸಲ ಇಬ್ರು ಒತ್ಕ ಬಂದಿದ್ರಲ್ಲ, ಆ ದೊಡ್ ಪೆಟ್ಗೆ ಎಲ್ಲಪ್ಪ?"

"ಅದು ಬೇಡ ಯಜಮಾನ್ರೇ. ಅಂಥವು ಹದಿನೈದು ಈ ಡಬ್ಬಿ ಒಳಗೇ ಅವೆ."

ಅವರು ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಹಂಗಾರೆ ಎಲ್ಲಾನೂ ಆಚ್ಗೆ ತಗ್ದು ಸಾಲಾಗಿ ಮಡಗ್ಬುಡು. ಬೀಗ್ರು ನೋಡ್ಲಿ."

೨. ಗುಂಯ್

ಆ ಕಂಪನಿಯವರ ನಿಷ್ಠೆಗೆ ಕೈಮುಗಿಯಬೇಕು. ಹಳೇ ಆಂಪುಗಳ ಇಂಪನ್ನಷ್ಟೇ ಅಲ್ಲ, ಅವು ಸುಮ್ಮನಿದ್ದಾಗ ಹೊರಡಿಸುವ ಗುಂಯ್ ಸದ್ದನ್ನೂ ಬಿಡದೆ ಇಳಿಸಿದ್ದರು. ಮೈಕ್ ಸೆಟ್ಟಿನವರು ವೈರು ವೈರೂ ತಡಕಿ ಬೆವತುಹೋದರು.

"ಅದು ಕೆಟ್ಟಿಲ್ಲಣ್ಣ" ಎಂದೆ. "ಎಂಜಿನಿಯರುಗಳು ಕೂತು, ಕಷ್ಟಪಟ್ಟು ತಂದಿರೋ ಸದ್ದು."

"ನನ್ ಸೆಟ್ಟು ಯಾರತ್ರನೂ ಕಲೀದೇನೇ ಗುಂಯ್ ಅಂತದೆ ಕಣ. ಅವರ್ನ ಇಲ್ಲಿಗ್ ಕಳ್ಸು, ಯೋಳ್ಕೊಡ್ತೀನಿ."

೩. ಬದನಗುಪ್ಪೆಯ ಹಳ್ಳ

ನಮ್ಮಲ್ಲಿ ಇನ್ನೊಬ್ಬ ಗಿಟಾರಿಗರಿದ್ದರು, ಗುಂಡ್ಲುಪೇಟೆಯ ಸಾಹೇಬರು. ಹಗಲು ಸೋಫಾ ಕುಶನ್ ಕೆಲಸ. ಅವರ ಮಾಡೆಲರ್ ಜಪಾನ್ ಕಂಪನಿಯದು, ಕಾಲಲ್ಲಿ ತುಳಿಯುವ ಕಬ್ಬಿಣದಂಥ ಹಲಗೆ. ದನಿಯಲ್ಲಿ ನನ್ನದು ಮೇಲೆಂದು ನಾನು, ಗಟ್ಟಿತನದಲ್ಲಿ ತಮ್ಮದೆಂದು ಅವರು.

ಒಮ್ಮೆ ಬದನಗುಪ್ಪೆ ಹತ್ತಿರ ಬಸ್ಸು ರಸ್ತೆಯ ಹಳ್ಳಕ್ಕೆ ಇಳಿದು ಎಗರಿ, ಟಾಪಿನ ಮೇಲಿದ್ದ ಹಲಗೆ ರಸ್ತೆಗೆ ಬಿತ್ತು. ಹಿಂದಿದ್ದ ಎತ್ತಿನಗಾಡಿಯ ಚಕ್ರ ಅದರ ಮೂಲೆ ಹತ್ತಿ ಇಳಿಯಿತು. ಬಸ್ಸು ನಿಂತದ್ದೇ "ಯಾ ಅಲ್ಲಾ!" ಎಂದು ಸಾಹೇಬರು ಓಡಿ, ಕರ್ಚೀಫಿನಲ್ಲಿ ಧೂಳೊರೆಸಿದರು. ಬ್ಯಾಟರಿ ಯಂತ್ರ ಅದು; ಅಲ್ಲೇ ಗಿಟಾರ್ ಸಿಕ್ಕಿಸಿ, ಹೆಡ್‌ಫೋನನ್ನು ಕಂಡಕ್ಟರ್ ಕಿವಿಗಿಟ್ಟು ಮೀಟಿದರು. ಬಣ್ಣ ಹೋಗಿತ್ತು, ದನಿ ಹೋಗಿರಲಿಲ್ಲ.

ಕಂಡಕ್ಟರ್ ಕೇಳಿ, ಹಲಗೆ ನೋಡಿ, ಹಳ್ಳ ನೋಡಿ ಹೇಳಿದರು: "ಈ ರೋಡ್ ಕೆಲ್ಸನೂ ಇದ್ನ ಮಾಡ್ದೋರ್ಗೇ ಕೊಡ್ಬೇಕಿತ್ತು ಕಣ್ರೀ."

೪. ಅಸಲಿ ಸೌಂಡು

ಆರ್ಕೆಸ್ಟ್ರಾ ನಡೆಸುತ್ತಿದ್ದ ಮೇಷ್ಟ್ರು ಒಂದು ದಿನ, "ಗಿಟಾರ್‌ಗೆ ಒಬ್ರು ಸಾಕು. ಯಾರ್ ಮಿಷನ್ ಚೆನ್ನಾಗದೋ ಅವ್ರು ಇರ್ಲಿ" ಎಂದುಬಿಟ್ಟರು. ಗುಂಡ್ಲುಪೇಟೆಯ ಮಂಟಪದಲ್ಲಿ ಮಧ್ಯಾಹ್ನ ಪರೀಕ್ಷೆ. ಮೇಷ್ಟ್ರು ನಮಗೆ ಬೆನ್ನು ಹಾಕಿ, ಕಣ್ಮುಚ್ಚಿ ಕೂತರು.

ಇಬ್ಬರಿಗೂ ಈ ತಂಡ ಬಿಟ್ಟರೆ ಬೇರೆ ವೇದಿಕೆಯಿರಲಿಲ್ಲ.

ನಾನು ನುಡಿಸಿದೆ. "ಪರ್ವಾಗಿಲ್ಲ" ಎಂದರು ಮೇಷ್ಟ್ರು. ಸಾಹೇಬರು ನುಡಿಸಿದರು. "ಪರ್ವಾಗಿಲ್ಲ." ಮತ್ತೆ ನನ್ನ ಸರದಿ. ಅತ್ಯಂತ ಗಡಸು ದನಿಗೆ ತಿರುಪು ತಿರುಗಿಸುವಷ್ಟರಲ್ಲಿ ಕರೆಂಟ್ ಹೋಗಿ ಸ್ಪೀಕರುಗಳೆಲ್ಲ ಮೂಕವಾದವು. ಹಿತ್ತಲಿನಿಂದ 'ಡರ್‌ರ್‌ರ್' ಎಂದು ಮಂಟಪವೇ ನಡುಗುವ ಸದ್ದೆದ್ದಿತು.

ಮೇಷ್ಟ್ರು ತೊಡೆ ತಟ್ಟಿದರು. "ಭಲೇ! ಇದು ಕಣ್ಲಾ ಸೌಂಡು ಅಂದ್ರೆ! ಎದೆಗೇ ಬಂದು ಕೂತ್ಕತ್ತದೆ. ಅಮೆರಿಕಾನೋ, ಜಪಾನೋ?"

ನಾನು ಗಿಟಾರ್ ಕೆಳಗಿಟ್ಟೆ.

"ಮೇಷ್ಟ್ರೇ, ಕರೆಂಟ್ ಹೋಗಿದೆ" ಎಂದರು ಸಾಹೇಬರು ಮೆಲ್ಲಗೆ. "ಅದು ಮಂಟಪದ ಜನರೇಟರ್."

ಮೇಷ್ಟ್ರು ಕಣ್ಣೇ ತೆರೆಯಲಿಲ್ಲ.

"ಇಬ್ರೂ ಇರ್ರಪ್ಪ. ಆದ್ರೆ ಎರಡು ಕಂಪನಿಗೂ ಯೋಳ್ಬುಡಿ: ಮುಂದಿನ್ ಮಾಡೆಲ್‌ಗೆ ಇದನ್ನೂ ಸೇರ್ಸ್ಕಳ್ಳಿ."