ಫಾರಂ ಮಾವ ಮತ್ತು ಹದಿನಾಲ್ಕನೇ ಕಾಲಂ

ಈ ಭೂಮಿಯ ಮೇಲೆ ಫಾರಂ ಮಾವ ತುಂಬಿಕೊಡದ ಅರ್ಜಿಯೇ ಇಲ್ಲ. ಒಮ್ಮೆ ಸೂರ್ಯನೇ ಯಾವುದೋ ಕಾಲಂ ತಪ್ಪು ತುಂಬಿ, ಹುಟ್ಟಲು ಅನುಮತಿ ಸಿಗದೆ ಮೂರು ದಿನ ಬೆಟ್ಟದ ಹಿಂದೆ ಒದ್ದಾಡುತ್ತಿದ್ದ. ಮಾವ ಹೋಗಿ ತಿದ್ದಿಕೊಟ್ಟ ಮೇಲೆಯೇ ನಾಲ್ಕನೇ ದಿನ ಬೆಳಗಾದದ್ದು. ಮೂವತ್ತು ವರ್ಷ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಅವರ ಬೆರಳಿನ ವೇಗಕ್ಕೆ ಕಾಗದವೇ ಹೊಗೆಯಾಡುತ್ತಿತ್ತು.

ಇಂಥವರ ಮನೆಗೆ ಅವತ್ತು ಎದುರುಮನೆಯ ಟೈಲರಕ್ಕ ಊರುಗೋಲು ಕುಟ್ಟಿಕೊಂಡು ಬಂದಳು. ಅವಳ ಎಡಗಾಲು ಹುಟ್ಟಿನಿಂದಲೇ ಸ್ವಾಧೀನದಲ್ಲಿಲ್ಲ. ಕೈಯಲ್ಲಿ ಅಂಗವಿಕಲರ ಮಾಸಾಶನದ ಅರ್ಜಿ.

"ಮಾವ, ಇವತ್ತೇ ಕೊನೇ ದಿನ. ಐದು ಗಂಟೆಗೆ ಕೌಂಟರ್ ಮುಚ್ತಾರೆ. ತಪ್ಪಿದ್ರೆ ಇನ್ನೊಂದು ವರ್ಷ ಕಾಯ್ಬೇಕು. ನಾನೇ ಬರೀತಿದ್ದೆ, ಆದ್ರೆ ಒಂದು ಗೆರೆ ಆಚೀಚೆ ಆದ್ರೂ ವಾಪಸ್ ಕಳಿಸ್ತಾರಂತೆ. ಧೈರ್ಯ ಬರ್ಲಿಲ್ಲ."

"ಕೊಡಮ್ಮ ಇಲ್ಲಿ. ಇದನ್ನೆಲ್ಲ ನಾನು ಕಣ್ಣು ಮುಚ್ಕೊಂಡು ತುಂಬ್ತೀನಿ!"

ಹಾಗೆಯೇ ತುಂಬಿದರು ಕೂಡ. ಕನ್ನಡಕ ಹಾಕಲಿಲ್ಲ, ಕಾಗದದ ಕಡೆ ನೋಡಲಿಲ್ಲ. ಈ ಫಾರಂ ಅವರಿಗೆ ಬಾಯಿಪಾಠ. ಸ್ಕೇಲಿನ ಒಂದು ಅಗಲಕ್ಕೆ ಒಂದು ಕಾಲಂ. ಟೈಲರಕ್ಕನ ಬಾಯಿಂದ ವಿವರ ಕೇಳುತ್ತ, ಸ್ಕೇಲನ್ನು ಕೆಳಕೆಳಗೆ ಸರಿಸುತ್ತ, ಮುಖವನ್ನು ಗಂಭೀರವಾಗಿ ಕಿಟಕಿಯತ್ತ ಇಟ್ಟುಕೊಂಡು ಪೆನ್ನನ್ನು ಕುದುರೆಯಂತೆ ಓಡಿಸಿದರು.

ಪಕ್ಕದ ಕಟಿಂಗ್ ಶಾಪಿನವನು ಬಾಗಿಲಲ್ಲಿ ಇಣುಕಿದ. "ಮಾವ, ಎರಡೂ ಕಾಲು ಅಂತ ಬರೀರಿ, ಡಬಲ್ ಬರುತ್ತೆ."

"ನಿನ್ನ ಅಂಗಡೀಲಿ ಅರ್ಧ ಬೋಳಾದೋರಿಗೆ ಅರ್ಧ ರೇಟ್ ಮಾಡಿದೀಯೇನೋ? ಹೋಗೋ!"

"ಎಲ್ಲಿ, ಬರೆದದ್ದು ಒಂದ್ಸಲ ನೋಡ್ತೀನಿ," ಎಂದು ಅವನು ಕೈ ಚಾಚಿದ.

"ನನ್ನ ಬರಹಕ್ಕೆ ನೀನು ಪರೀಕ್ಷೆ ಮಾಡ್ತೀಯಾ?" ಎಂದು ಮಾವ ಅರ್ಜಿಯನ್ನು ಮಡಚಿ, ಕವರಿಗೆ ತುರುಕಿ, ಅಂಟು ಸವರಿ ಒತ್ತಿಯೇಬಿಟ್ಟರು.

ದಾರಿಯಲ್ಲಿ, ಬಡಪಾಯಿ ಬೀಳಬಾರದೆಂದು, ಮಾವ ಟೈಲರಕ್ಕನ ಮೊಣಕೈ ಭದ್ರವಾಗಿ ಹಿಡಿದಿದ್ದರು. "ಮಾವ, ಮೋರಿ. ಮಾವ, ಮೆಟ್ಟಿಲು. ಮಾವ, ಅದು ಗೋಡೆ," ಎನ್ನುತ್ತ ಅವಳು ನಡೆದಳು. ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ಇಡೀ ಬೀದಿಗೇ ಗೊಂದಲ.

ಕಚೇರಿಯ ಸಾಲಿನಲ್ಲಿ ಮಾವ ಮುಂದಿನವನನ್ನು ತರಾಟೆಗೆ ತೆಗೆದುಕೊಂಡರು. "ಸ್ವಲ್ಪ ಮುಂದೆ ಸರೀರಿ ಸ್ವಾಮಿ! ನಿಂತಲ್ಲೇ ನಿಂತಿದೀರಲ್ಲ!"

"ಮಾವ, ಅದು ಕಂಬ," ಎಂದಳು ಟೈಲರಕ್ಕ ಮೆಲ್ಲಗೆ.

"ಗೊತ್ತು. ಕಂಬಕ್ಕೂ ಸ್ವಲ್ಪ ಶಿಸ್ತು ಬೇಡ್ವಾ?"

ಕೌಂಟರಿನ ಮೇಡಂ ಕವರ್ ಒಡೆದಾಗ ನಾಲ್ಕೂವರೆ. ಆಕೆ ಓದತೊಡಗಿದರು. "ಅರ್ಜಿದಾರರ ಹೆಸರು, ಎಡಗಾಲು. ವಿಳಾಸ, ಹುಟ್ಟಿನಿಂದ. ಅವಲಂಬಿತರು, ಒಂದು ಹೊಲಿಗೆ ಮಿಷಿನ್. ಯಾವ ರೀತಿಯ ವೈಕಲ್ಯ..." ಕನ್ನಡಕ ಕೆಳಗಿಳಿಸಿದರು. "ಅವಿವಾಹಿತೆ. ಯಾರಿದು ತುಂಬಿದ್ದು?"

ಸಾಲೆಲ್ಲ ಗೊಳ್ಳೆಂದಿತು. ಟೈಲರಕ್ಕನ ಮುಖ ಸುಣ್ಣದಂತಾಯಿತು. "ಮಾವ, ನನ್ನ ಒಂದು ವರ್ಷ..."

"ನಾನು ತುಂಬಿದ್ದು ಸರಿಯಾಗೇ ಇದೆ. ಫಾರಂ ತಪ್ಪು!"

"ಹೋದ ವರ್ಷವೇ ಫಾರಂ ಬದಲಾಗಿದೆ ಯಜಮಾನ್ರೇ," ಎಂದು ಮೇಡಂ ಹೊಸದೊಂದನ್ನು ಚಾಚಿದರು. "ಎಲ್ಲಿ, ಮೊದಲ ಸಾಲು ಓದಿ."

ಮಾವ ಅದನ್ನು ಎತ್ತಿ ಹಿಡಿದು, ಗಂಟಲು ಸರಿಪಡಿಸಿಕೊಂಡು, ವಾರ್ತೆ ಓದುವವರ ಧಾಟಿಯಲ್ಲಿ ಶುರುಮಾಡಿದರು. "ಅರ್ಜಿದಾರರ ಪೂರ್ಣ ಹೆಸರು..."

"ಅದು ಹಾಳೆಯ ಹಿಂಬದಿ. ಖಾಲಿ ಇದೆ."

ಈಗ ಯಾರೂ ನಗಲಿಲ್ಲ. ಟೈಲರಕ್ಕ ಮಾವನ ಕೈಯಿಂದ ಆ ಫಾರಂ ತೆಗೆದುಕೊಂಡಳು. ಆಮೇಲೆ ಊರುಗೋಲನ್ನು ಮಾವನ ಕೈಗಿಟ್ಟಳು. "ಇದನ್ನ ಹಿಡ್ಕೊಳ್ಳಿ. ಪೆನ್ನು ಇಲ್ಲಿ ಕೊಡಿ."

ಕೌಂಟರಿಗೆ ಒರಗಿ ತಾನೇ ಬರೆದಳು. ಮೊದಲ ಸಾಲಿನಲ್ಲಿ ತಡೆತಡೆದು ಸಾಗಿದ ಪೆನ್ನು, ಮೂರನೆಯದಕ್ಕೆ ಬರುವಷ್ಟರಲ್ಲಿ ಹೊಲಿಗೆಯ ಹಾಗೆ ನೇರವಾಗಿ ಓಡುತ್ತಿತ್ತು. ಐದಕ್ಕೆ ಐದು ನಿಮಿಷವಿರುವಾಗ ಸೀಲು ಬಿತ್ತು. ಠಪ್! ಆ ಸದ್ದಿಗೆ ಏಳು ಬೀದಿಯ ಪಾರಿವಾಳಗಳು ಹಾರಿದವು.

"ಮುಂದಿನ ತಿಂಗಳಿಂದ ಬರುತ್ತಮ್ಮ," ಎಂದ ಮೇಡಂ, ಕಿಟಕಿ ಎಳೆಯುವ ಮುನ್ನ ಇನ್ನೊಂದು ಫಾರಂ ಹೊರಗೆ ಚಾಚಿದರು. "ಇದು ಯಜಮಾನ್ರಿಗೆ. ಕಣ್ಣಿನವರದು ನಾಳೆ ಕೊನೇ ದಿನ. ತುಂಬ್ಕೊಂಡು ಬಂದು ಮತ್ತೆ ಸಾಲಲ್ಲಿ ನಿಂತ್ಕೊಳ್ಳಿ."

ಆ ಫಾರಂನ ಹದಿನಾಲ್ಕನೇ ಕಾಲಂ ಹೀಗಿದೆ: 'ನಿಮ್ಮ ತೊಂದರೆಯನ್ನು ನಿಮ್ಮದೇ ಮಾತಿನಲ್ಲಿ, ಆರು ಸಾಲಿಗೆ ಮೀರದಂತೆ ವಿವರಿಸಿ.' ಟೈಲರಕ್ಕನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಮಾವ ಅದಕ್ಕೆ ಹೇಳಿ ಬರೆಸಿದ ಉತ್ತರವೇ ನೀವು ಇಲ್ಲಿಯವರೆಗೆ ಓದಿದ್ದು.

ಟೈಲರಕ್ಕ ಪೆನ್ನು ಕೆಳಗಿಟ್ಟಳು. "ಮಾವ, ನಾಲ್ಕು ಹಾಳೆ ಮುಗೀತು. ಸೂರ್ಯ ಯಾವಾಗ ಬಂದಿದ್ದ ನಿಮ್ಮ ಹತ್ರ?"

"ಅದು... ಮೂರು ದಿನ ಮೋಡ ಇತ್ತು."

"ಟೈಪಿಸ್ಟ್ ಆಗಿದ್ದು?"

"ಟೈಪಿಸ್ಟ್ ಪಕ್ಕದ ಮೇಜು. ಕವರ್ ಅಂಟಿಸ್ತಿದ್ದೆ."

"ಮತ್ತೆ ಈ 'ಮಾವ ಹೋದರು, ಮಾವ ಬಂದರು' ಅಂತ ಯಾರದೋ ಕತೆ ಥರ ಹೇಳ್ತಿದೀರಲ್ಲ, ಈ ಫಾರಂ ಯಾರ್ದು?"

ಮಾವ ಮೇಜಿನ ಮೇಲಿನ ಹಾಳೆಗಳನ್ನು ತಡವಿದರು. ಎಂದರೆ, ನಾನು ತಡವಿದೆ.

"ನಂದು," ಎಂದೆ ಕೊನೆಗೆ.

ಅವಳು ಹಾಳೆಗಳನ್ನು ಮಡಚಿ ಬದಿಗಿಟ್ಟದ್ದು ಕೇಳಿಸಿತು. "ಇದನ್ನ ಬೇಕಾದ್ರೆ ಪತ್ರಿಕೆಗೆ ಕಳಿಸೋಣ. ಫಾರಂಗೆ ನಿಜ ಹೇಳಿ."

"ಬರ್ಕೋ. ಎರಡು ವರ್ಷದಿಂದ ನನಗೆ ಕಣ್ಣಲ್ಲಿ ಬರೀ ಮಂಜು. ಯಾರಿಗೂ ಹೇಳಿರ್ಲಿಲ್ಲ."

ಪೆನ್ನು ಕರಕರ ಎಂದು ನಿಂತಿತು.

"ಒಂದೇ ಸಾಲಾಯ್ತು ಮಾವ. ಇನ್ನೂ ಐದು ಖಾಲಿ ಇದೆ."

"ಖಾಲಿಯೇ ಇರ್ಲಿ ಬಿಡಮ್ಮ."